ಸಾಲ, ಕರೆಂಟ್ ಬಿಲ್, ಮಳೆನೀರು: ಪಿಯು ಮಕ್ಕಳಿಗೆ ಬದುಕಿನ ಗಣಿತ ಕಲಿಸುವ ಬಗೆ

1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನ ಪರೀಕ್ಷೆಯಲ್ಲಿ 13 ವರ್ಷದ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದರು. ಸೈನಿಕರು 1128, ಒಂದು ಬಸ್ಸಿಗೆ 36 ಜನ, ಬೇಕಾಗುವ ಬಸ್ಸು ಎಷ್ಟು? ಸುಮಾರು ಶೇ 70 ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರು. ಆದರೆ 32 ಬಸ್ಸು ಎಂದು ಬರೆದವರು ಶೇ 23 ಮಾತ್ರ. ಶೇ 29ರಷ್ಟು ಮಕ್ಕಳು '31, ಶೇಷ 12' ಎಂದು ಬರೆದು ಪೆನ್ ಕೆಳಗಿಟ್ಟರು. ಉಳಿದ 12 ಸೈನಿಕರು ಹೇಗೆ ಹೋಗಬೇಕು ಎಂಬುದು ಅವರ ತಲೆಗೆ ಬರಲೇ ಇಲ್ಲ.

ನಮ್ಮ ದೇಶದ ಚಿತ್ರ ಇನ್ನೂ ಕುತೂಹಲಕಾರಿ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ಮಾಡಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅಂಗಡಿಯಲ್ಲಿ ಕೂತು ತೂಕ, ದರ, ಚಿಲ್ಲರೆಯನ್ನು ಬಾಯಲ್ಲೇ ಲೆಕ್ಕ ಹಾಕುವ ಮಕ್ಕಳು ಶಾಲೆಯ ರೀತಿಯಲ್ಲಿ ಬರೆದು ಕೊಟ್ಟ ಲೆಕ್ಕದ ಮುಂದೆ ತಡವರಿಸಿದರು. ಶಾಲೆಯ ಲೆಕ್ಕದಲ್ಲಿ ಜಾಣರಾದ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು. ಎರಡೂ ಕಡೆ ಇರುವುದು ಅದೇ ಗುಣಾಕಾರ, ಅದೇ ಭಾಗಾಕಾರ. ಆದರೆ ಒಂದು ಕಡೆ ಕಲಿತದ್ದು ತಾನಾಗಿ ಇನ್ನೊಂದು ಕಡೆಗೆ ದಾಟುವುದಿಲ್ಲ.

ಪಿಯು ಹಂತಕ್ಕೆ ಬರುವಾಗ ಈ ಕಂದಕ ಇನ್ನೂ ಅಗಲವಾಗಿರುತ್ತದೆ. ಅವಕಲನ, ಸಮಾಕಲನ ಸಲೀಸಾಗಿ ಮಾಡುವ ಹುಡುಗಿಗೆ ಫೈನಾನ್ಸ್‌ನವರ ಕರಪತ್ರ ಕೊಟ್ಟು 'ಇದು ದುಬಾರಿಯಾ, ಅಗ್ಗವಾ?' ಎಂದು ಕೇಳಿ ನೋಡಿ. ನನ್ನ ಅಭಿಪ್ರಾಯದಲ್ಲಿ ಯಾವುದೇ ನಿಜವಾದ ಲೆಕ್ಕಕ್ಕೆ ಮೂರು ಭಾಗ. ಮೊದಲು ಏನನ್ನು ಊಹಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸುವುದು. ನಡುವೆ ಲೆಕ್ಕ ಮಾಡುವುದು. ಕೊನೆಗೆ ಬಂದ ಉತ್ತರವನ್ನು ತಂದು ಲೋಕಕ್ಕೆ ಒರೆ ಹಚ್ಚುವುದು. ನಾವು ವರ್ಷವಿಡೀ ಕಲಿಸುವುದು ನಡುವಿನ ಭಾಗವನ್ನು, ಅದನ್ನು ಈಗ ಮೊಬೈಲ್ ಕೂಡ ಮಾಡುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಮೊದಲ ಮತ್ತು ಕೊನೆಯ ಭಾಗಕ್ಕಾಗಿ.

ಹೆಜ್ಜೆ 1: ವಿಷಯ ಆರಿಸುವುದು

'ಒಬ್ಬ ವ್ಯಾಪಾರಿ 73 ಕಲ್ಲಂಗಡಿ ಕೊಂಡು...' ಎಂದು ಶುರುವಾಗುವುದು ಬದುಕಿನ ಗಣಿತವಲ್ಲ, ವೇಷ ಹಾಕಿಕೊಂಡ ಸಮೀಕರಣ. ಅದರಿಂದ ಕಲ್ಲಂಗಡಿ ತೆಗೆದು ಇಟ್ಟಿಗೆ ಹಾಕಿದರೂ ಏನೂ ಬದಲಾಗುವುದಿಲ್ಲ. ವಿಷಯ ಆರಿಸುವಾಗ ನಾನು ನೋಡುವುದು ಮೂರನ್ನು. ಯಾರೋ ಒಬ್ಬರು ಏನನ್ನೋ ನಿರ್ಧರಿಸಬೇಕಾಗಿರಬೇಕು. ಕೈಯಲ್ಲಿ ಹಿಡಿದು ನೋಡುವಂಥ ಕಾಗದ (ಬಿಲ್, ಕರಪತ್ರ, ರಸೀದಿ, ಡೇರಿಯ ಹಾಲಿನ ಚೀಟಿ) ಇರಬೇಕು. ಇಬ್ಬರು ಬುದ್ಧಿವಂತರು ಎರಡು ಬೇರೆ ಉತ್ತರ ಕೊಟ್ಟು, ಇಬ್ಬರೂ ಸಮರ್ಥಿಸಿಕೊಳ್ಳುವಂತಿರಬೇಕು. ಮೂರನೆಯದು ಇಲ್ಲದಿದ್ದರೆ ಚರ್ಚೆ ಹುಟ್ಟುವುದಿಲ್ಲ, ಮಕ್ಕಳು ಮತ್ತೆ ಮೇಷ್ಟ್ರ ಮುಖ ನೋಡಿ ಉತ್ತರ ಊಹಿಸತೊಡಗುತ್ತಾರೆ.

ಈ ಪರೀಕ್ಷೆಯಲ್ಲಿ ಗೆಲ್ಲುವ ವಿಷಯಗಳು ಊರೂರಿಗೆ ಬೇರೆ. ಮಲೆನಾಡಿನಲ್ಲಿ ಅಡಿಕೆಯನ್ನು ಈಗಲೇ ಮಾರುವುದೋ ಮೂರು ತಿಂಗಳು ಇಟ್ಟು ಮಾರುವುದೋ ಎಂಬ ಪ್ರಶ್ನೆ; ಮಂಡ್ಯದಲ್ಲಿ ಕಬ್ಬಿನ ಇಳುವರಿ, ಕಟಾವಿನ ಖರ್ಚು; ಪೇಟೆಯಲ್ಲಿ ಚೀಟಿ ಹಾಕುವುದು ಲಾಭವೋ ಆರ್‌ಡಿ ಕಟ್ಟುವುದು ಲಾಭವೋ. ಚೀಟಿಯ ವಿಷಯ ಸ್ವಲ್ಪ ಜಟಿಲ, ಮೊದಲಿಗೆ ಅದು ಬೇಡ.

ಹೆಜ್ಜೆ 2: ಅಂಕಿ ಕೊಡಬೇಡಿ, ಪ್ರಶ್ನೆ ಮಾತ್ರ ಕೊಡಿ

ಮೊದಲ ಪಾಠಕ್ಕೆ ಮಳೆನೀರು ಒಳ್ಳೆಯದು. ಬೆಂಗಳೂರಿನಲ್ಲಿ 2009ರಿಂದ 30×40 ನಿವೇಶನದಲ್ಲಿ ಹೊಸದಾಗಿ ಮನೆ ಕಟ್ಟುವವರಿಗೆ ಮಳೆನೀರು ಕೊಯ್ಲು ಕಡ್ಡಾಯ. ಬೋರ್ಡಿನ ಮೇಲೆ ಒಂದೇ ಸಾಲು ಬರೆಯಿರಿ: 'ಇಂಥ ಮನೆಯ ಚಾವಣಿಯ ಮೇಲೆ ಬೀಳುವ ಮಳೆ ನಾಲ್ಕು ಜನರ ಸಂಸಾರಕ್ಕೆ ವರ್ಷದಲ್ಲಿ ಎಷ್ಟು ದಿನ ಬರುತ್ತದೆ?' ಬೇರೇನೂ ಬರೆಯಬೇಡಿ.

ಲೆಕ್ಕಕ್ಕೆ ಇಳಿಯುವ ಮುಂಚೆ ಪ್ರತಿಯೊಬ್ಬರೂ ಒಂದು ಊಹೆ ಬರೆದು ಸಹಿ ಹಾಕಲಿ. 'ಹತ್ತು ದಿನ' ಎನ್ನುವವರೂ ಇರುತ್ತಾರೆ, 'ವರ್ಷಪೂರ್ತಿ' ಎನ್ನುವವರೂ ಇರುತ್ತಾರೆ. ಆಮೇಲೆ ಕೇಳಿ: ಉತ್ತರ ಕಂಡುಹಿಡಿಯಲು ಏನೇನು ಗೊತ್ತಿರಬೇಕು? ಚಾವಣಿಯ ಅಳತೆ, ವರ್ಷದ ಮಳೆ, ಒಬ್ಬರಿಗೆ ಬೇಕಾದ ನೀರು ಎಂಬುದು ಅವರ ಬಾಯಿಂದಲೇ ಬರಲಿ. ಕೇಳಿದ ಅಂಕಿಯನ್ನು ಮಾತ್ರ ಕೊಡಿ. ಯಾರೂ ಕೇಳದ ಅಂಕಿ ನಿಮ್ಮ ಜೇಬಿನಲ್ಲೇ ಇರಲಿ.

ಇಲ್ಲಿ ಒಂದು ಕೀಲಿಕೈ ಇದೆ, ಅದನ್ನು ಮಕ್ಕಳೇ ಕಂಡುಕೊಳ್ಳುವಂತೆ ಮಾಡಿ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್. ಇನ್ನುಳಿದದ್ದು ಸುಲಭ. 1200 ಚದರ ಅಡಿ ಎಂದರೆ ಸುಮಾರು 111 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಅಂದರೆ ಒಂದು ಲಕ್ಷ ಲೀಟರ್‌ಗಿಂತ ತುಸು ಹೆಚ್ಚು. ಚಾವಣಿ ಹೀರಿದ್ದು, ಆವಿಯಾದದ್ದು, ಮೊದಲ ಮಳೆಯ ಕೊಳೆ ಎಂದು ಐದರಲ್ಲೊಂದು ಪಾಲು ಕಳೆದರೆ 86,000 ಲೀಟರ್ ಉಳಿಯುತ್ತದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡ ಹಿಡಿದರೆ ನಾಲ್ವರಿಗೆ 540 ಲೀಟರ್. ಉತ್ತರ ಸುಮಾರು 160 ದಿನ.

ಯಾರಾದರೂ 159.26 ಎಂದು ಬರೆದಿದ್ದರೆ ಅಲ್ಲೇ ನಿಲ್ಲಿಸಿ. ಐದರಲ್ಲೊಂದು ಪಾಲು ಎಂದು ಕಣ್ಣಂದಾಜಿನಲ್ಲಿ ಕಳೆದವರು ದಶಾಂಶದ ಎರಡನೇ ಸ್ಥಾನವನ್ನು ಎಲ್ಲಿಂದ ತಂದರು?

ಇಷ್ಟಕ್ಕೇ ಪಾಠ ಮುಗಿಸಿದರೆ ಅರ್ಧ ಕೆಲಸ ಅಷ್ಟೇ. 'ಹಾಗಾದರೆ 160 ದಿನ ನಲ್ಲಿ ನೀರೇ ಬೇಡವಾ?' ಎಂದು ಕೇಳಿ. ಬೆಂಗಳೂರಿನಲ್ಲಿ ಜನವರಿ, ಫೆಬ್ರುವರಿಯಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ, ಸೆಪ್ಟೆಂಬರ್ ಹೊತ್ತಿಗೆ ಧೋ ಎಂದು ಸುರಿಯುತ್ತದೆ. ಮನೆಯ ಸಂಪಿನಲ್ಲಿ ಹಿಡಿಯುವುದು 5,000 ಲೀಟರ್ ಆದರೆ ಅದು ಒಂಬತ್ತು ದಿನದ ನೀರು. ಸಂಪು ತುಂಬಿದ ಮೇಲೆ ಬೀಳುವ ಮಳೆ ಚರಂಡಿಗೆ, ಇಲ್ಲವೇ ಇಂಗುಗುಂಡಿಗೆ. ವರ್ಷದ ಸರಾಸರಿ ಹಿಡಿದು ಹಾಕಿದ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ನಿಜವಾದ ಪ್ರಶ್ನೆ ಮಳೆಯದ್ದಲ್ಲ, ಶೇಖರಣೆಯದ್ದು. ಮುಂದಿನ ಪೀರಿಯಡ್‌ಗೆ ತಿಂಗಳವಾರು ಮಳೆ ಕೊಟ್ಟು ಇದನ್ನೇ ಮತ್ತೆ ಮಾಡಿಸಿ.

ಹೆಜ್ಜೆ 3: ಒಂದು ಪಾಠವನ್ನು ಪೂರ್ತಿ ಅಗೆಯುವುದು

ವರ್ಷಕ್ಕೆ ಒಂದೇ ಪಾಠಕ್ಕೆ ಸಮಯ ಸಿಗುವುದಾದರೆ ಸಾಲದ್ದನ್ನು ಮಾಡಿ ಎನ್ನುತ್ತೇನೆ. ಎರಡು ಪೀರಿಯಡ್ ಬೇಕು, ಮೂರಾದರೆ ಒಳ್ಳೆಯದು. ಸಮಾಂತರ ಶ್ರೇಢಿ, ಗುಣೋತ್ತರ ಶ್ರೇಢಿ ಗೊತ್ತಿದ್ದರೆ ಸಾಕು. ವಾಣಿಜ್ಯ ವಿಭಾಗದ ಬೇಸಿಕ್ ಮ್ಯಾಥ್ಸ್‌ನಲ್ಲಿ ಬಡ್ಡಿ ಮತ್ತು ವರ್ಷಾಶನದ ಅಧ್ಯಾಯಕ್ಕೆ ಇದನ್ನು ನೇರವಾಗಿ ಜೋಡಿಸಬಹುದು.

ಪಾಠದ ಕಾಗದ ನೀವೇ ತಯಾರಿಸಿ. ಒಂದು ಫೈನಾನ್ಸ್ ಕಂಪನಿ, ಒಂದು ಬ್ಯಾಂಕ್, ಹೆಸರಿಲ್ಲದೆ. ಬೈಕಿಗೆ 60,000 ರೂಪಾಯಿ ಸಾಲ, ಎರಡು ವರ್ಷ. ಫೈನಾನ್ಸ್‌ನವರು ಹೇಳುವುದು 'ಫ್ಲ್ಯಾಟ್ ಶೇ 12', ಅಂದರೆ ಕೊನೆಯವರೆಗೂ ಪೂರ್ತಿ 60,000ದ ಮೇಲೆ ಬಡ್ಡಿ. ಬ್ಯಾಂಕಿನವರು ಹೇಳುವುದು 'ಇಳಿಯುವ ಬಾಕಿಯ ಮೇಲೆ ಶೇ 16'. ಪ್ರಶ್ನೆ: ಬೈಕ್ ಕೊಳ್ಳುತ್ತಿರುವ ಅಣ್ಣನಿಗೆ ಏನು ಹೇಳುತ್ತೀರಿ?

ತರಗತಿ ಸಾಮಾನ್ಯವಾಗಿ ಹೀಗೆ ಸಾಗುತ್ತದೆ.

"ಸರ್, 12 ಕಡಿಮೆ ಅಲ್ವಾ? ಇದರಲ್ಲೇನಿದೆ?"

"ಇರಬಹುದಪ್ಪ. ಫೈನಾನ್ಸ್‌ನವರಿಗೆ ತಿಂಗಳಿಗೆ ಎಷ್ಟು ಕಟ್ಟಬೇಕು?"

"ವರ್ಷಕ್ಕೆ 7,200 ಬಡ್ಡಿ, ಎರಡು ವರ್ಷಕ್ಕೆ 14,400. ಒಟ್ಟು 74,400. ಇಪ್ಪತ್ನಾಲ್ಕರಿಂದ ಭಾಗಿಸಿದರೆ 3,100."

"ಸರಿ. ಕೊನೆಯ ತಿಂಗಳು ಅವನ ಹತ್ತಿರ ಇನ್ನೂ ಎಷ್ಟು ಅಸಲು ಉಳಿದಿರುತ್ತೆ?"

ಇಲ್ಲಿ ಸುಮ್ಮನಿರಬೇಕು. ಹತ್ತು ಸೆಕೆಂಡ್, ಬೇಕಾದರೆ ಇಪ್ಪತ್ತು. ನಾವು ಮಾಸ್ತರರು ಈ ಮೌನವನ್ನು ಸಹಿಸುವುದಿಲ್ಲ, ನಾವೇ ಉತ್ತರ ಹೇಳಿಬಿಡುತ್ತೇವೆ. ಹೇಳಬೇಡಿ. ಯಾರೋ ಒಬ್ಬಳು ಹಿಂದಿನ ಬೆಂಚಿನಿಂದ "2,500 ಸರ್" ಎನ್ನುತ್ತಾಳೆ. ತಿಂಗಳಿಗೆ 3,100ರಲ್ಲಿ 2,500 ಅಸಲು, 600 ಬಡ್ಡಿ ಎಂದು ಫೈನಾನ್ಸ್‌ನವರೇ ಹಂಚಿದ ಲೆಕ್ಕ ಅದು.

"ಅಂದ್ರೆ 2,500ಕ್ಕೆ ಒಂದು ತಿಂಗಳಿಗೆ ಬಡ್ಡಿ?"

"600... ಅಯ್ಯೋ!"

ಆ 'ಅಯ್ಯೋ' ಬಂದಮೇಲೆ ಸೂತ್ರವನ್ನು ಹೇಳಿಕೊಡುವುದು ಸುಲಭ. ಅದಕ್ಕೆ ಮುಂಚೆ ಹೇಳಿದರೆ ಅದೂ ಬಾಯಿಪಾಠದ ಪಟ್ಟಿಗೆ ಸೇರುತ್ತದೆ. ಈಗ ಮುಂದುವರಿಸಿ. ಬಾಕಿ ಅಸಲು ತಿಂಗಳಿಗೆ 2,500ರಂತೆ ಇಳಿಯುತ್ತಾ ಹೋದರೆ 60,000, 57,500, ... 2,500 ಎಂಬ ಸಮಾಂತರ ಶ್ರೇಢಿ. ಅದರ ಸರಾಸರಿ 31,250. ಅವನು ನಿಜವಾಗಿ ಬಳಸಿಕೊಂಡದ್ದು ಸರಾಸರಿ ಅಷ್ಟೇ ಹಣ, ವರ್ಷಕ್ಕೆ ಕಟ್ಟಿದ ಬಡ್ಡಿ 7,200. ಹಾಗಾದರೆ ದರ ಸುಮಾರು ಶೇ 23. ಎಸ್‌ಎಸ್‌ಎಲ್‌ಸಿಯ ಗಣಿತದಿಂದಲೇ ಇಲ್ಲಿಯವರೆಗೆ ಬರಬಹುದು.

ಎರಡನೇ ಪೀರಿಯಡ್‌ನಲ್ಲಿ ಇದನ್ನು ನಯಗೊಳಿಸಿ. ಬ್ಯಾಂಕಿನ ರೀತಿಯಲ್ಲಿ ಮೊದಲ ತಿಂಗಳುಗಳ ಪಟ್ಟಿಯನ್ನು ಕೈಯಲ್ಲೇ ಬರೆಸಿ: ಬಾಕಿಯ ಮೇಲೆ ಬಡ್ಡಿ, ಕಂತಿನಲ್ಲಿ ಬಡ್ಡಿ ಹೋಗಿ ಉಳಿದದ್ದು ಅಸಲಿಗೆ, ಹೊಸ ಬಾಕಿ. ಮೂರು ಸಾಲು ಬರೆದಮೇಲೆ ಮೊಬೈಲ್ ಅಥವಾ ಕಂಪ್ಯೂಟರ್ ಲ್ಯಾಬ್‌ನ ಸ್ಪ್ರೆಡ್‌ಶೀಟ್‌ಗೆ ಕೊಡಿ. ಶೇ 16ಕ್ಕೆ ಬ್ಯಾಂಕಿನ ಕಂತು ಸುಮಾರು 2,938 ಬರುತ್ತದೆ. ಫೈನಾನ್ಸ್‌ನ 3,100ಕ್ಕೆ ಹೋಲಿಸಿದರೆ ಎರಡು ವರ್ಷದಲ್ಲಿ ಸುಮಾರು 3,900 ರೂಪಾಯಿ ಉಳಿತಾಯ. ಶೇ 12ಕ್ಕಿಂತ ಶೇ 16 ಅಗ್ಗ!

ಹಾಗಿದ್ದರೆ ಫೈನಾನ್ಸ್‌ನ ನಿಜವಾದ ದರ ಎಷ್ಟು? ಈ ಸಮೀಕರಣ ಬಿಡಿಸಲು ನೇರ ಸೂತ್ರವಿಲ್ಲ, ಅದೇ ಇದರ ಸೊಗಸು. ಶೇ 21 ಹಾಕಿ ನೋಡಿದರೆ ಕಂತು 3,083, ಶೇ 22 ಹಾಕಿದರೆ 3,113. ನಮಗೆ ಬೇಕಾದ 3,100 ಇವೆರಡರ ನಡುವೆ ಇದೆ. ಇನ್ನೆರಡು ಸಲ ಪ್ರಯತ್ನಿಸಿದರೆ ಶೇ 21.6ಕ್ಕೆ ಬಂದು ನಿಲ್ಲುತ್ತಾರೆ. ಮೊದಲ ದಿನದ ಅಂದಾಜು ಶೇ 23 ಯಾಕೆ ಸ್ವಲ್ಪ ಮೇಲಿತ್ತು? ಸಮಾನ ಕಂತಿನಲ್ಲಿ ಅಸಲು ಮೊದಮೊದಲು ನಿಧಾನವಾಗಿ ಕರಗುತ್ತದೆ, ಬಾಕಿ ನಾವು ಎಣಿಸಿದ್ದಕ್ಕಿಂತ ಹೆಚ್ಚಿರುತ್ತದೆ. ಇದನ್ನು ಮಕ್ಕಳೇ ವಿವರಿಸಿದರೆ ಪಾಠ ಫಲಿಸಿತು ಎಂದೇ ಲೆಕ್ಕ.

ಕೊನೆಗೆ ಒಂದು ತಿರುವು ಇಟ್ಟುಕೊಂಡಿರಿ. 'ಪ್ರೊಸೆಸಿಂಗ್ ಫೀ 1,200 ಮೊದಲೇ ಮುರಿದುಕೊಳ್ಳುತ್ತಾರಂತೆ.' ಕೈಗೆ ಬಂದದ್ದು 58,800, ಕಂತು ಅದೇ 3,100. ದರ ಸುಮಾರು ಶೇ 23.7ಕ್ಕೆ ಏರುತ್ತದೆ. ಇದನ್ನೆಲ್ಲ ಸೇರಿಸಿ ಹೇಳುವ ವಾರ್ಷಿಕ ದರಕ್ಕೆ ಎಪಿಆರ್ ಎನ್ನುತ್ತಾರೆ. 2024ರ ಅಕ್ಟೋಬರ್‌ನಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಚಿಲ್ಲರೆ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ (ಸಾಲದ ಮುಖ್ಯ ವಿವರಗಳ ಪುಟ) ಕೊಟ್ಟು ಅದರಲ್ಲಿ ಎಪಿಆರ್ ತೋರಿಸಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಆ ಪುಟದಲ್ಲಿ ಕಣ್ಣು ಎಲ್ಲಿಗೆ ಹೋಗಬೇಕು ಎಂದು ಈ ಮಕ್ಕಳಿಗೆ ಈಗ ಗೊತ್ತು.

ಒಂದು ಎಚ್ಚರಿಕೆ. 'ನಿಮ್ಮ ಮನೆಯ ಸಾಲದ ಪತ್ರ ತನ್ನಿ' ಎಂದು ಮಾತ್ರ ಎಂದೂ ಹೇಳಬೇಡಿ. ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನಿಮ್ಮ ಮುಂದೆ ಕೂತಿರುವ ಮಕ್ಕಳಲ್ಲಿ ಕೆಲವರ ಮನೆ ಬಾಗಿಲಿಗೆ ವಸೂಲಿಯವರು ಬಂದು ಹೋಗಿರಬಹುದು. ಕಾಗದ ನಿಮ್ಮದೇ ಇರಲಿ. ಪಾಠ ಮುಗಿದಮೇಲೆ ಯಾರಾದರೂ ಸ್ಟಾಫ್ ರೂಮಿಗೆ ಬಂದು ಮೆಲ್ಲಗೆ ಒಂದು ಪಾಸ್‌ಬುಕ್ ತೋರಿಸಿದರೆ ಕೂತು ನೋಡಿಕೊಡಿ.

ಹೆಜ್ಜೆ 4: ಪಠ್ಯದ ಅಧ್ಯಾಯಕ್ಕೆ ಗಂಟು ಹಾಕುವುದು

'ಪೋರ್ಷನ್ ಮುಗಿಯಲ್ಲ' ಎಂಬುದು ನಿಜವಾದ ತೊಂದರೆ, ನೆಪವಲ್ಲ. ಆದ್ದರಿಂದ ಹೊಸ ಪಾಠ ಸೇರಿಸಬೇಡಿ, ಇರುವ ಅಧ್ಯಾಯದ ಬಾಗಿಲಲ್ಲಿ ಇದನ್ನು ನಿಲ್ಲಿಸಿ.

ದ್ವಿತೀಯ ಪಿಯುನ ಸಾತತ್ಯದ ಅಧ್ಯಾಯಕ್ಕೆ ಗೃಹಜ್ಯೋತಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ತೀರಾ ಕಡಿಮೆ ಬಳಸುವ ಮನೆಗಳನ್ನು ಬಿಟ್ಟರೆ, ಹಳೆಯ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿ 200ರೊಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್. ಸರಾಸರಿ 110 ಇದ್ದ ಮನೆಗೆ ಅರ್ಹತೆ 121 ಯೂನಿಟ್. ಲೆಕ್ಕಕ್ಕೆ ಸುಲಭವಾಗಲೆಂದು ಯೂನಿಟ್‌ಗೆ 6 ರೂಪಾಯಿ ಎಂದುಕೊಳ್ಳಿ, ತೆರಿಗೆ ಬಿಡಿ. 121 ಯೂನಿಟ್‌ವರೆಗೆ ಸೊನ್ನೆ, 150ಕ್ಕೆ 174 ರೂಪಾಯಿ, 200ಕ್ಕೆ 474. ಮತ್ತೆ 201ಕ್ಕೆ? 1,206, ಅದರ ಮೇಲೆ ನಿಗದಿತ ಶುಲ್ಕ ಬೇರೆ. ಒಂದು ಯೂನಿಟ್‌ಗೆ 700 ರೂಪಾಯಿಗೂ ಮೀರಿದ ಜಿಗಿತ. ನಕ್ಷೆ ಬಿಡಿಸಿ, ಎಡ ಸೀಮೆ, ಬಲ ಸೀಮೆ ಕೇಳಿ. 121ರಲ್ಲಿ ರೇಖೆ ಮುರಿಯುತ್ತದೆಯೋ, ಬರೀ ಬಾಗುತ್ತದೆಯೋ? ಅಲ್ಲಿ ಸಾತತ್ಯ ಇದೆ, ಅವಕಲನೀಯತೆ ಇಲ್ಲ. 200ರಲ್ಲಿ ಎರಡೂ ಇಲ್ಲ. ಪುಸ್ತಕದಲ್ಲಿ ಅರ್ಧ ಗಂಟೆ ಬೇಕಾದ ವ್ಯತ್ಯಾಸ ಇಲ್ಲಿ ಎರಡು ನಿಮಿಷಕ್ಕೆ ಕಣ್ಣಿಗೆ ಕಾಣುತ್ತದೆ. ತಿಂಗಳ ಕೊನೆಯ ವಾರದಲ್ಲಿ ಮೀಟರ್ 190 ತೋರಿಸುತ್ತಿದ್ದರೆ ಮನೆಯವರು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಮನೆಗೆಲಸಕ್ಕೆ ಬಿಡಿ.

ಬೇಯ್ಸ್ ಪ್ರಮೇಯಕ್ಕೆ ರೋಗ ಪತ್ತೆಯ ಪರೀಕ್ಷೆ. ನೂರಕ್ಕೆ ಒಬ್ಬರಿಗೆ ಇರುವ ಕಾಯಿಲೆ. ಇದ್ದವರಲ್ಲಿ ಶೇ 90 ಜನರನ್ನು ಪರೀಕ್ಷೆ ಹಿಡಿಯುತ್ತದೆ, ಇಲ್ಲದವರಲ್ಲೂ ಶೇ 9 ಜನರಿಗೆ ತಪ್ಪಾಗಿ 'ಇದೆ' ಎನ್ನುತ್ತದೆ. ಪಾಸಿಟಿವ್ ಬಂದವನಿಗೆ ನಿಜವಾಗಿ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಸಂಭವನೀಯತೆಯ ಭಾಷೆ ಬಿಟ್ಟು ತಲೆ ಎಣಿಸಿ ಎನ್ನುವುದು ಜರ್ಮನ್ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್ ಅವರ ಸಲಹೆ. ಸಾವಿರ ಜನರಲ್ಲಿ 10 ಮಂದಿಗೆ ಕಾಯಿಲೆ, ಅದರಲ್ಲಿ 9 ಪಾಸಿಟಿವ್. ಉಳಿದ 990ರಲ್ಲಿ ಸುಮಾರು 89 ಪಾಸಿಟಿವ್. ಒಟ್ಟು 98 ಪಾಸಿಟಿವ್‌ನಲ್ಲಿ ಕಾಯಿಲೆ ಇರುವವರು ಒಂಬತ್ತೇ ಜನ. ಈ ಪಟ್ಟಿಯನ್ನು ನೋಟ್ಸ್‌ನಲ್ಲಿ ಬರೆದಮೇಲೆ ಅದರ ಪಕ್ಕದಲ್ಲೇ ಬೇಯ್ಸ್ ಸೂತ್ರ ಬರೆಸಿ, ಯಾವ ಪದ ಯಾವ ಅಂಕಿ ಎಂದು ಗೆರೆ ಎಳೆಸಿ.

ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಗಣಿತ ಪುಸ್ತಕಗಳಿಗೆ ಗಣಿತೀಯ ಮಾದರಿಗಳ ಬಗ್ಗೆಯೇ ಒಂದು ಅನುಬಂಧ ಇತ್ತು. ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಅದನ್ನು ತೆರೆದವರು ಕಡಿಮೆ. ಹಳೆಯ ಪ್ರತಿ ಸಿಕ್ಕರೆ ಓದಿ, ಪ್ರಶ್ನೆ ಕಟ್ಟುವ ರೀತಿಗೆ ಒಳ್ಳೆಯ ಸರಕಿದೆ.

ಹೆಜ್ಜೆ 5: ಯಾವ ಭಾಷೆಯಲ್ಲಿ ಯೋಚಿಸಬೇಕು

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯು ಸೈನ್ಸ್‌ಗೆ ಬಂದ ಮಕ್ಕಳು ಇಂಗ್ಲಿಷ್ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಅವರಿಗೆ ಗಣಿತ ಬರುವುದಿಲ್ಲ ಎಂದಲ್ಲ. 'ಯಾಕೆ' ಎಂಬುದನ್ನು ವಿವರಿಸಲು ಬೇಕಾದಷ್ಟು ವಾಕ್ಯ ಆ ಭಾಷೆಯಲ್ಲಿ ಇರುವುದಿಲ್ಲ. ಸೂತ್ರ ಹಾಕುವುದಕ್ಕೆ ವಾಕ್ಯ ಬೇಡ, ತರ್ಕ ಮಾಡುವುದಕ್ಕೆ ಬೇಕೇ ಬೇಕು. ಹಾಗಾಗಿ ಮೂರು ಮೂರು ಜನರ ಗುಂಪು ಮಾಡಿ, ಮಾತೆಲ್ಲ ಕನ್ನಡದಲ್ಲಿ ಅಥವಾ ಅವರ ಮನೆಮಾತಿನಲ್ಲಿ ನಡೆಯಲಿ. ವಾದ ಗಟ್ಟಿಯಾದ ಮೇಲೆ ಇಂಗ್ಲಿಷಿನಲ್ಲಿ ಬರೆದು ಒಪ್ಪಿಸಲಿ. ಗುಂಪಿನಲ್ಲಿ ನಾಲ್ಕನೆಯವನಿದ್ದರೆ ಅವನು ಸುಮ್ಮನೆ ಕೂರುತ್ತಾನೆ, ಅದಕ್ಕೇ ಮೂರು.

ಗುಂಪುಗಳ ನಡುವೆ ಓಡಾಡುವಾಗ ನಿಮ್ಮ ಬಾಯಲ್ಲಿ ಇರಬೇಕಾದ ಪ್ರಶ್ನೆಗಳು ಕೆಲವೇ: 'ಇದು ನಿನಗೆ ಹೇಗೆ ಗೊತ್ತಾಯಿತು?', 'ಯಾವುದು ಬದಲಾದರೆ ಈ ಉತ್ತರ ತಲೆಕೆಳಗಾಗುತ್ತೆ?', 'ಪಕ್ಕದ ಗುಂಪಿಗೆ ಬೇರೆ ಬಂದಿದೆಯಲ್ಲ, ಅವರು ಏನು ಅಂದುಕೊಂಡಿರಬಹುದು?' 'ಸರಿ', 'ತಪ್ಪು' ಎನ್ನುವುದನ್ನು ಪೀರಿಯಡ್‌ನ ಕೊನೆಯ ಹತ್ತು ನಿಮಿಷಕ್ಕೆ ಮುಂದೂಡಿ. 'ಸರ್, ಯಾವ ಫಾರ್ಮುಲಾ ಹಾಕ್ಬೇಕು?' ಎಂದು ಕೇಳಿದರೆ 'ಫಾರ್ಮುಲಾ ಇಲ್ಲ ಅಂದ್ಕೋ, ಆಗ ಏನ್ ಮಾಡ್ತಿದ್ದೆ?' ಎನ್ನಿ.

ಹೆಜ್ಜೆ 6: ಅಂಕ ಕೊಡುವುದು

ಅಂಕ ಇಲ್ಲದ ಕೆಲಸವನ್ನು ಪಿಯು ಮಕ್ಕಳು ಮಾಡುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ಈಗ ಪ್ರಯೋಗ ಪರೀಕ್ಷೆ ಇಲ್ಲದ ವಿಷಯಗಳಿಗೂ 20 ಅಂಕದ ಆಂತರಿಕ ಮೌಲ್ಯಮಾಪನ ಇದೆ, ಪ್ರಾಜೆಕ್ಟ್‌ಗೂ ಅದರಲ್ಲಿ ಜಾಗವಿದೆ. ಇಂಟರ್ನೆಟ್‌ನಿಂದ ಇಳಿಸಿದ 'ಪೈ ಇತಿಹಾಸ' ಚಾರ್ಟ್‌ನ ಬದಲು ಇಂಥದ್ದೊಂದನ್ನು ಕೊಡಿ.

ಹತ್ತು ಅಂಕವಿದ್ದರೆ ನಾನು ಹಂಚುವುದು ಹೀಗೆ. ಏನನ್ನು ಊಹಿಸಿಕೊಂಡೆ, ಏನನ್ನು ಬಿಟ್ಟೆ, ಯಾಕೆ ಎಂಬುದಕ್ಕೆ 3. ಪ್ರಶ್ನೆಯನ್ನು ಗಣಿತಕ್ಕೆ ಇಳಿಸಿದ್ದಕ್ಕೆ 2. ಲೆಕ್ಕಕ್ಕೆ 1. ಉತ್ತರ ನಂಬುವಂಥದ್ದೇ ಎಂದು ಇನ್ನೊಂದು ದಾರಿಯಿಂದ ಪರೀಕ್ಷಿಸಿದ್ದಕ್ಕೆ 2. ಉಳಿದ 2 ಅಂಕ ಒಂದು ಚೀಟಿಗೆ: ಗಣಿತ ಓದದ ಮನೆಯ ಹಿರಿಯರಿಗೆ ಅರ್ಥವಾಗುವಂತೆ, ಸಂಕೇತಗಳಿಲ್ಲದೆ, ಐದಾರು ಸಾಲಿನಲ್ಲಿ ಸಲಹೆ ಬರೆಯಬೇಕು. ಲೆಕ್ಕಕ್ಕೆ ಒಂದೇ ಅಂಕವಾ ಎಂದು ಪ್ರಿನ್ಸಿಪಾಲರು ಕೇಳಬಹುದು. ಲೆಕ್ಕಕ್ಕೆ ಪ್ರಶ್ನೆಪತ್ರಿಕೆಯಲ್ಲಿ 80 ಅಂಕ ಇದೆಯಲ್ಲ ಎನ್ನಿ.

ಪೋಷಕರಿಂದ 'ಸಿಇಟಿಗೆ ಇದು ಬರುತ್ತಾ?' ಎಂಬ ಪ್ರಶ್ನೆಯೂ ಬರುತ್ತದೆ. ನೇರವಾಗಿ ಬರುವುದಿಲ್ಲ, ಹಾಗೆಂದೇ ಹೇಳಿ. ವರ್ಷಕ್ಕೆ ಆರೇಳು ಪೀರಿಯಡ್ ಮಾತ್ರ ಎಂದೂ ಹೇಳಿ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರ, ಹಬ್ಬದ ರಜೆಯ ಹಿಂದಿನ ದಿನ, ಅರ್ಧ ತರಗತಿ ಖಾಲಿ ಇರುವ ಶನಿವಾರಗಳನ್ನು ಹುಡುಕಿದರೆ ಇಷ್ಟು ಸಮಯ ಸಿಗುತ್ತದೆ.

ಮಕ್ಕಳು ಮೊದಲ ದಿನ ಸಹಿ ಹಾಕಿ ಬರೆದ ಊಹೆಗಳನ್ನು ಎಸೆಯಬೇಡಿ, ಒಂದು ಫೈಲಿನಲ್ಲಿ ಇಡಿ. ವರ್ಷದ ಕೊನೆಗೆ ಹಿಂದಿರುಗಿಸಿದಾಗ ಅವರೇ ನಗುತ್ತಾರೆ. ಪಾಠದ ಹಾಳೆಗಳು ಮುಂದಿನ ಬ್ಯಾಚಿಗೂ ಆಗುತ್ತವೆ. ಬಡ್ಡಿ ದರ, ಯೂನಿಟ್ ದರ, ಯೋಜನೆಯ ನಿಯಮ ಅಷ್ಟರಲ್ಲಿ ಬದಲಾಗಿದೆಯೇ ಎಂದು ಜೂನ್ ತಿಂಗಳಲ್ಲಿ ಒಮ್ಮೆ ನೋಡಿಕೊಂಡರೆ ಸಾಕು.